ದಂಡಧರನ ಮುಂದೆ ತಪ್ಪೊಪ್ಪಿಗೆ: ಲಿಖಿತನಿಂದ ಚಂಬಲ್ ಕಣಿವೆಯವರೆಗೆ

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಶಂಖ-ಲಿಖಿತರ ಕಥೆ ತೀರ ಚಿಕ್ಕದು. ಯುದ್ಧ ಮುಗಿದಿದೆ. ಗೆದ್ದ ಯುಧಿಷ್ಠಿರನಿಗೆ ರಾಜ್ಯ ಬೇಡವಾಗಿದೆ. ದಂಡವನ್ನು ಕೈಯಲ್ಲಿ ಹಿಡಿಯುವುದೇ ಪಾಪವೆಂಬ ಭಾವ ಅವನನ್ನು ಕಾಡುತ್ತಿದೆ. ಅವನಿಗೆ ಸಮಾಧಾನ ಹೇಳುತ್ತ ವ್ಯಾಸರು ಈ ಕಥೆಯನ್ನು ಎತ್ತಿಕೊಳ್ಳುತ್ತಾರೆ. ಬಾಹುದಾ ನದಿಯ ದಡದಲ್ಲಿ ಅಣ್ಣ ಶಂಖ, ತಮ್ಮ ಲಿಖಿತ ಬೇರೆ ಬೇರೆ ಆಶ್ರಮ ಕಟ್ಟಿಕೊಂಡಿದ್ದವರು. ಒಂದು ದಿನ ಲಿಖಿತ ಅಣ್ಣನ ಆಶ್ರಮಕ್ಕೆ ಹೋದಾಗ ಅಣ್ಣ ಇರಲಿಲ್ಲ. ಮಾಗಿದ ಹಣ್ಣುಗಳನ್ನು ಕಿತ್ತು ನಿಶ್ಚಿಂತೆಯಿಂದ ತಿನ್ನುತ್ತ ಕುಳಿತ. ಅಷ್ಟರಲ್ಲಿ ಶಂಖ ಬಂದ. ಕೇಳದೆ ತಿಂದದ್ದು ಕಳವು. ರಾಜನ ಬಳಿಗೆ ಹೋಗಿ ಕಳ್ಳನಿಗೆ ಸಲ್ಲುವ ದಂಡನೆಯನ್ನು ಕೇಳಿ ಪಡೆದುಕೊ ಎಂದ.

ಲಿಖಿತ ಹೋದ. ಋಷಿ ಬಂದನೆಂದು ಕೇಳಿ ಸುದ್ಯುಮ್ನರಾಜ ಮಂತ್ರಿಗಳೊಡನೆ ಕಾಲ್ನಡಿಗೆಯಲ್ಲಿ ಎದುರುಗೊಂಡ. ಬಂದ ಕಾರ್ಯವನ್ನು ಹೇಳಿದರೆ ಮಾಡಿಕೊಡುವೆನೆಂದು ಮೊದಲೇ ಮಾತು ಕೊಟ್ಟ. ಲಿಖಿತ ಆ ಮಾತನ್ನೇ ಹಿಡಿದುಕೊಂಡು ತನ್ನ ತಪ್ಪನ್ನು ಹೇಳಿ ದಂಡನೆಯನ್ನು ಬೇಡಿದ. ಇಲ್ಲಿ ರಾಜ ಎತ್ತುವ ತಕರಾರು ಭಾರತೀಯ ದಂಡನೀತಿಯ ಚರಿತ್ರೆಯಲ್ಲಿ ಮರೆಯಬಾರದ ಮಾತು. ದಂಡಿಸುವುದಕ್ಕೆ ರಾಜನೇ ಪ್ರಮಾಣವೆಂದು ನೀನು ಒಪ್ಪುವುದಾದರೆ, ಬಿಟ್ಟುಬಿಡುವುದಕ್ಕೂ ಅವನೇ ಪ್ರಮಾಣವಲ್ಲವೆ, ನೀನು ಆಚರಣೆಯಿಂದ ಶುದ್ಧನಾಗಿದ್ದೀಯೆ, ಬೇರೆ ಏನು ಬೇಕಾದರೂ ಕೇಳು ಎಂಬುದು ಅವನ ವಾದ. ಲಿಖಿತ ಬೇರೆ ಏನನ್ನೂ ಕೇಳಲಿಲ್ಲ. ರಾಜ ಅವನ ಎರಡೂ ಕೈಗಳನ್ನು ಕಡಿಸಿದ.

ಕೈ ಕಳೆದುಕೊಂಡು ಮರಳಿದ ತಮ್ಮನಿಗೆ ಶಂಖ, ತನಗೆ ಕೋಪವಿಲ್ಲವೆಂದೂ ನದಿಯಲ್ಲಿ ತರ್ಪಣ ಕೊಡಬೇಕೆಂದೂ ಹೇಳುತ್ತಾನೆ. ನೀರಿಗೆ ಇಳಿದಾಗ ಕಮಲದಂಥ ಕೈಗಳು ಮತ್ತೆ ಮೂಡುತ್ತವೆ. ಬೆರಗಾದ ಲಿಖಿತನ ಪ್ರಶ್ನೆ ಸಹಜವಾದದ್ದು: ಇಷ್ಟು ತಪೋಬಲವಿದ್ದ ನೀನು ನನ್ನನ್ನು ಮೊದಲೇ ಏಕೆ ಶುದ್ಧಗೊಳಿಸಲಿಲ್ಲ? ಶಂಖನ ಉತ್ತರವೂ ನೇರವಾದದ್ದು. ತಾನು ಅವನ ದಂಡಧರನಲ್ಲ. ರಾಜನೂ ಶುದ್ಧನಾದ, ಪಿತೃಗಳೊಂದಿಗೆ ಲಿಖಿತನೂ ಶುದ್ಧನಾದ.

ಈ ಕಥೆಯಲ್ಲಿ ಮೂವರಿದ್ದಾರೆ: ಕಳೆದುಕೊಂಡವನು, ಕದ್ದವನು, ದಂಡಿಸುವವನು. ಕಳೆದುಕೊಂಡವನು ಕ್ಷಮಿಸಿದ್ದಾನೆ, ಆದರೂ ಅವನ ಕ್ಷಮೆ ದಂಡವನ್ನು ರದ್ದು ಮಾಡುವುದಿಲ್ಲ. ಕದ್ದವನು ಸಂಪೂರ್ಣವಾಗಿ ಒಪ್ಪಿಕೊಂಡಿದ್ದಾನೆ. ಆ ಒಪ್ಪಿಗೆಯೂ ದಂಡವನ್ನು ಇಳಿಸುವುದಿಲ್ಲ. ದಂಡಿಸುವವನಿಗೆ ಬಿಡುವ ಮನಸ್ಸಿದೆ, ಬಿಡಲು ಅವಕಾಶವಿಲ್ಲ. ತಪ್ಪೊಪ್ಪಿಕೊಂಡವನಿಗೆ ಶಿಕ್ಷೆಯಲ್ಲಿ ರಿಯಾಯಿತಿ ಸಲ್ಲಬೇಕೆ ಎಂಬ ಇಂದಿನ ನ್ಯಾಯಾಲಯಗಳ ಪ್ರಶ್ನೆ ಈ ಕಥೆಯಲ್ಲಿ ಆಗಲೇ ಪೂರ್ಣ ರೂಪದಲ್ಲಿದೆ. ಹಣ್ಣಿನ ಕಳವಿಗೆ ಕೈ ಕಡಿಯುವುದು ಇಂದಿನ ಓದುಗರಿಗೆ ಕ್ರೌರ್ಯವಾಗಿ ಕಾಣುತ್ತದೆ, ಕಾಣಲೂಬೇಕು. ಆದರೆ ಕಥೆಯ ಆಸಕ್ತಿ ಶಿಕ್ಷೆಯ ಪ್ರಮಾಣದಲ್ಲಿಲ್ಲ, ಅದನ್ನು ಯಾರು ಹೊರಬೇಕು ಎಂಬುದರಲ್ಲಿದೆ.

ಧರ್ಮಸೂತ್ರಗಳು ಈ ಹೊಣೆಯನ್ನು ಇನ್ನೂ ಬಿಚ್ಚಿ ಹೇಳುತ್ತವೆ. ಆಪಸ್ತಂಬ, ಗೌತಮ, ಬಳಿಕ ಮನು, ಈ ಮೂವರಲ್ಲೂ ಒಂದೇ ಚಿತ್ರ ಬರುತ್ತದೆ. ಕಳ್ಳನು ಕೂದಲು ಕೆದರಿಕೊಂಡು, ಹೆಗಲ ಮೇಲೆ ಒನಕೆಯನ್ನು ಹೊತ್ತು, ತಾನು ಮಾಡಿದ್ದನ್ನು ಸಾರುತ್ತ ರಾಜನ ಬಳಿಗೆ ಬರಬೇಕು. ಮನುಸ್ಮೃತಿ ಒನಕೆಯ ಜೊತೆಗೆ ಕಗ್ಗಲಿಯ ದೊಣ್ಣೆ, ಎರಡೂ ಕಡೆ ಚೂಪಾದ ಈಟಿ, ಕಬ್ಬಿಣದ ಸಲಾಕೆಗಳನ್ನೂ ಹೆಸರಿಸುತ್ತದೆ. ತನ್ನನ್ನು ಹೊಡೆಯಬೇಕಾದ ಆಯುಧವನ್ನು ತಪ್ಪಿತಸ್ಥ ತಾನೇ ಹೊತ್ತು ತರುವುದು, ಅದನ್ನು ರಾಜ ತನ್ನ ಕೈಯಾರೆ ಎತ್ತಿಕೊಳ್ಳುವುದು: ನ್ಯಾಯದಾನದ ಇಷ್ಟು ಬೆತ್ತಲೆಯಾದ ಚಿತ್ರ ಅಪರೂಪ. ಇಲ್ಲಿ ಸಾಕ್ಷಿಯಿಲ್ಲ, ವಾದವಿಲ್ಲ, ತಳವಾರನಿಲ್ಲ. ಹೊಡೆದರೆ ಕಳ್ಳ ಪಾಪಮುಕ್ತ. ಬಿಟ್ಟರೂ ಕಳ್ಳ ಪಾಪಮುಕ್ತನೇ ಎನ್ನುತ್ತದೆ ಮನುಸ್ಮೃತಿ. ಆದರೆ ಹಾಗೆ ಬಿಟ್ಟಾಗ ಆ ಪಾಪ ರಾಜನಿಗೆ ಅಂಟುತ್ತದೆ. ಆಪಸ್ತಂಬನ ಮಾತೂ ಇದೇ: ಮನ್ನಿಸಿದವನನ್ನು ಆ ದೋಷ ಮುಟ್ಟುತ್ತದೆ. ಕ್ಷಮೆ ಇಲ್ಲಿ ನಿಷಿದ್ಧವಲ್ಲ, ಪುಕ್ಕಟೆಯೂ ಅಲ್ಲ. ಕ್ಷಮಿಸುವವನು ಅದರ ಬೆಲೆಯನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಸುದ್ಯುಮ್ನನೂ ಶುದ್ಧನಾದ ಎಂಬ ಶಂಖನ ಮಾತು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

ಈ ವ್ಯವಸ್ಥೆಯನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಅರಿತು ಕದ್ದ ಶೂದ್ರನಿಗೆ ಎಂಟು ಪಟ್ಟು, ಬ್ರಾಹ್ಮಣನಿಗೆ ಅರವತ್ತನಾಲ್ಕು ಪಟ್ಟು ದೋಷವೆಂದು ಹೇಳುವ ಅದೇ ಮನುಸ್ಮೃತಿ, ಬ್ರಾಹ್ಮಣನಿಗೆ ವಧದಂಡವೇ ಇಲ್ಲವೆಂದೂ ಹೇಳುತ್ತದೆ. ತಿಳಿವಳಿಕೆ ಹೆಚ್ಚಿದಷ್ಟೂ ಹೊಣೆ ಹೆಚ್ಚು ಎಂಬ ಒಳ್ಳೆಯ ತತ್ತ್ವ, ದಂಡ ವಿಧಿಸುವ ಹೊತ್ತಿಗೆ ಹುಟ್ಟಿನ ಮುಂದೆ ತಲೆ ತಗ್ಗಿಸುತ್ತದೆ.

ಇನ್ನೊಂದು ಭೇದ ಇಲ್ಲಿ ಮುಖ್ಯವಾದದ್ದು. ಒನಕೆ ಹೊತ್ತು ಬರುವವನು ಕಳ್ಳ, ದರೋಡೆಕೋರನಲ್ಲ. ಒಡೆಯನ ಕಣ್ಣು ತಪ್ಪಿಸಿ ಒಯ್ಯುವುದು ಸ್ತೇಯ. ಅವನ ಎದುರಿಗೇ ಬಲಾತ್ಕಾರದಿಂದ ಕಸಿದುಕೊಳ್ಳುವುದು ಸಾಹಸ. ಈ ವಿಂಗಡಣೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮನುಸ್ಮೃತಿಯಲ್ಲಿಯೂ ಹೆಚ್ಚು ಕಡಿಮೆ ಒಂದೇ ಮಾತುಗಳಲ್ಲಿದೆ. ಇಂದು ಮೆಚ್ಚುಗೆಯ ಶಬ್ದವಾಗಿರುವ ಸಾಹಸ ಆಗ ಅಪರಾಧದ ಹೆಸರು, ದಂಡದ ಮೂರು ದರ್ಜೆಗಳಿಗೂ ಅದೇ ಹೆಸರು: ಪ್ರಥಮ, ಮಧ್ಯಮ, ಉತ್ತಮ ಸಾಹಸಗಳು, ಮನುವಿನ ಲೆಕ್ಕದಲ್ಲಿ 250, 500, 1000 ಪಣಗಳು. ಶಬ್ದಾರ್ಥದ ಈ ಹೊರಳುವಿಕೆ ಬೇರೆಯೇ ಲೇಖನಕ್ಕೆ ವಿಷಯವಾದೀತು. ಸಾಹಸಿಕನ ವಿಷಯದಲ್ಲಿ ಮನುಸ್ಮೃತಿಯ ಧ್ವನಿಯೇ ಬದಲಾಗುತ್ತದೆ. ಬೈಯುವವನಿಗಿಂತ, ಕಳ್ಳನಿಗಿಂತ, ದೊಣ್ಣೆಯಿಂದ ಹೊಡೆಯುವವನಿಗಿಂತ ಇವನು ಕೆಟ್ಟವನು. ಇವನನ್ನು ಸಹಿಸುವ ಅರಸ ಬೇಗ ನಾಶವಾಗುತ್ತಾನೆ. ಸ್ನೇಹಕ್ಕಾಗಿಯಾಗಲಿ ದೊಡ್ಡ ಧನಲಾಭಕ್ಕಾಗಿಯಾಗಲಿ ಇವನನ್ನು ಬಿಡಕೂಡದು. ಕಳ್ಳನ ವಿಷಯದಲ್ಲಿ ಅರ್ಧ ತೆರೆದಿದ್ದ ಬಾಗಿಲು ದರೋಡೆಕೋರನ ಮುಂದೆ ಮುಚ್ಚಿಕೊಳ್ಳುತ್ತದೆ. ಏಕೆಂದರೆ ಇಲ್ಲಿ ಕಳೆದುಹೋದದ್ದು ವಸ್ತು ಮಾತ್ರವಲ್ಲ. ಎಲ್ಲರೂ ಹೊಂದಿರುವ ನಿರ್ಭಯ.

ಕಳೆದುಕೊಂಡವನನ್ನು ಶಾಸ್ತ್ರಕಾರರು ಮರೆತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಕಳವಾದ ಸೊತ್ತನ್ನು ಹುಡುಕಿ ಒಡೆಯನಿಗೆ ಕೊಡುವುದು ರಾಜನ ಕರ್ತವ್ಯ. ಸಿಕ್ಕದಿದ್ದರೆ ತನ್ನ ಭಂಡಾರದಿಂದ ಕೊಡಬೇಕೆಂದು ಗೌತಮಧರ್ಮಸೂತ್ರ ವಿಧಿಸುತ್ತದೆ. ಪ್ರಜೆಗೆ ಹೋದದ್ದನ್ನು ಕೊಡಿಸದ ರಾಜನಿಗೆ ದೋಷ ಬರುತ್ತದೆಂದು ಹೇಳುವ ಯಾಜ್ಞವಲ್ಕ್ಯಸ್ಮೃತಿಗೆ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಬ್ರಿಟಿಷ್ ನ್ಯಾಯಾಲಯಗಳು ಆ ಕೃತಿಯಿಂದ ದಾಯಭಾಗದ ನಿಯಮಗಳನ್ನು ಎತ್ತಿಕೊಂಡವು; ಸಂತ್ರಸ್ತನಿಗೆ ರಾಜನೇ ಹೊಣೆ ಎಂಬ ಭಾಗವನ್ನು ಅಲ್ಲಿಯೇ ಬಿಟ್ಟವು.

ತಪ್ಪೊಪ್ಪಿಗೆಯ ಬಗ್ಗೆ ಅತ್ಯಂತ ಸಂಶಯದಿಂದ ನೋಡಿದವನು ಕೌಟಿಲ್ಯ. ಕಳ್ಳನಲ್ಲದವನೂ ಕಳ್ಳರ ದಾರಿಯಲ್ಲಿ ಆಕಸ್ಮಿಕವಾಗಿ ಸಿಕ್ಕಿಬೀಳಬಹುದು, ಅವರಂಥದೇ ವೇಷ, ಆಯುಧ, ಸರಕು ಅವನ ಬಳಿಯಿರಬಹುದು ಎಂದು ಅವನು ಎಚ್ಚರಿಸುತ್ತಾನೆ. ಅದಕ್ಕೆ ಕೊಡುವ ನಿದರ್ಶನ ಅಣಿಮಾಂಡವ್ಯನದು. ಹಿಂಸೆಯ ಭಯದಿಂದ, ಕಳ್ಳನಲ್ಲದಿದ್ದರೂ, ತಾನು ಕಳ್ಳನೆಂದು ಹೇಳಿಬಿಟ್ಟವನು. ಆದ್ದರಿಂದ ಪುರಾವೆ ಪೂರ್ಣವಾದ ಮೇಲೆಯೇ ದಂಡ ವಿಧಿಸಬೇಕು. ಪುರಾಣದ ಋಷಿಯೊಬ್ಬನನ್ನು ಪೊಲೀಸು ತನಿಖೆಯ ಪಾಠಕ್ಕೆ ಉದಾಹರಣೆಯಾಗಿ ಬಳಸಿರುವುದು ಕುತೂಹಲಕರ. ಚಿತ್ರಹಿಂಸೆಯನ್ನು ಸ್ವತಃ ವಿಧಿಸುವ ಗ್ರಂಥವೇ ಅದರ ಫಲವನ್ನು ನಂಬಬಾರದೆಂದು ಹೇಳುತ್ತಿರುವುದು ಇನ್ನೂ ಕುತೂಹಲಕರ.

ಈ ಸಮಸ್ಯೆಗೆ ಕನ್ನಡದಲ್ಲಿ ಒಂದು ದೊಡ್ಡ ಕಥಾರೂಪವಿದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಚಾಣಕ್ಯನದೂ ಒಂದು. ಅದೇ ಸಂಕಲನದಲ್ಲಿ ವಿದ್ಯುಚ್ಚೋರನಿಗೂ ಚಿಲಾತಪುತ್ರನಿಗೂ ಸ್ಥಾನ ದೊರೆತಿದೆ. ದಂಡನೀತಿಯ ಆಚಾರ್ಯನನ್ನೂ ದಂಡಾರ್ಹರನ್ನೂ ಒಂದೇ ಸಾಲಿನಲ್ಲಿ ಋಷಿಗಳನ್ನಾಗಿ ಕೂರಿಸಿದ ಸಂಕಲನ ಅದು. ಆರಾಧನಾ ಕಥಾಪರಂಪರೆಯಲ್ಲಿ ವಿದ್ಯುಚ್ಚೋರನ ಕಥೆ ಹೀಗೆ ಸಾಗುತ್ತದೆ: ಮಿಥಿಲೆಯ ವಾಮರಥನ ಅರಮನೆಯಲ್ಲಿ ಹಾರ ಕಳವಾಗಿದೆ; ತಳಾರ ಯಮದಂಡನು ಗಡುವಿನೊಳಗೆ ಕಳ್ಳನನ್ನು ಹಿಡಿಯದಿದ್ದರೆ ಅವನ ತಲೆಗೇ ಸಂಚಕಾರ. ಅವನು ಕೊನೆಗೆ ಹಿಡಿದು ತಂದದ್ದು ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿರುತ್ತಿದ್ದ ಒಬ್ಬನನ್ನು. ಅವನು ಒಪ್ಪಲಿಲ್ಲ. ಒಂದು ರಾತ್ರಿಯಿಡೀ ಮೂವತ್ತೆರಡು ಬಗೆಯ ದಂಡನೆಗಳಾದವು, ಆಗಲೂ ಒಪ್ಪಲಿಲ್ಲ. ಮರುದಿನ ರಾಜ ಅಭಯ ಕೊಟ್ಟು ಕೇಳಿದಾಗ, ತಾನೇ ಕಳ್ಳನೆಂದೂ ತಳಾರ ಹೇಳಿದ್ದು ನಿಜವೆಂದೂ ಶಾಂತವಾಗಿ ನುಡಿದ. ನೋವನ್ನು ಹೇಗೆ ತಡೆದೆಯೆಂದು ಕೇಳಿದರೆ, ಮುನಿಗಳಿಂದ ಕೇಳಿದ್ದ ನರಕದ ದುಃಖವನ್ನು ನೆನೆದು ಎಂದ. ತಾನೂ ಯಮದಂಡನೂ ಬಾಲ್ಯದ ಗೆಳೆಯರು, ಒಬ್ಬ ಚೋರವಿದ್ಯೆ ಇನ್ನೊಬ್ಬ ತಳಾರವಿದ್ಯೆ ಕಲಿತವರು, ನೀನು ಕಾವಲಿರುವ ಊರಲ್ಲೇ ಬಂದು ಕದಿಯುವೆನೆಂಬ ಹಳೆಯ ಪಂತ ಈ ಕಳವಿನ ಹಿಂದಿದೆ ಎಂಬುದು ಆಮೇಲೆ ಹೊರಬೀಳುತ್ತದೆ.

ಈ ಕಥೆಯನ್ನು ಸಾಮಾನ್ಯವಾಗಿ ಸಹನೆಯ ಕಥೆಯೆಂದು ಓದಲಾಗುತ್ತದೆ. ಮುಂದೆ ಅವನು ಮುನಿಯಾಗಿ ಸೊಳ್ಳೆ ನೊಣಗಳ ಉಪಸರ್ಗವನ್ನು ಸಹಿಸುವುದಕ್ಕೆ ಇದು ಪೀಠಿಕೆ. ದಂಡನೀತಿಯ ಕಡೆಯಿಂದ ಓದಿದರೆ ಬೇರೊಂದು ಎಳೆ ಕಾಣುತ್ತದೆ. ಅಣಿಮಾಂಡವ್ಯ ಕಳ್ಳನಲ್ಲದಿದ್ದರೂ ಹಿಂಸೆಗೆ ಹೆದರಿ ಒಪ್ಪಿದ. ವಿದ್ಯುಚ್ಚೋರ ಕಳ್ಳನಾಗಿದ್ದರೂ ಹಿಂಸೆಗೆ ಬಗ್ಗಲಿಲ್ಲ. ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟರೆ ಹಿಂಸೆಯಿಂದ ಸತ್ಯ ಹೊರಡುವುದಿಲ್ಲವೆಂಬುದು ಎರಡೂ ದಿಕ್ಕಿನಿಂದ ಸ್ಥಾಪಿತವಾಗುತ್ತದೆ. ಆದರೆ ಭಯ ನೀಗಿದ ಮೇಲೆ ಬಂದ ಒಪ್ಪಿಗೆಗೆ ನೈತಿಕ ತೂಕವೆಷ್ಟು? ಶಿಕ್ಷೆಯಿಲ್ಲವೆಂದು ಖಾತ್ರಿಯಾದ ಮೇಲೆ ಒಪ್ಪಿಕೊಳ್ಳುವುದರಲ್ಲಿ ದೊಡ್ಡತನವೇನು? ಕಥೆ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಅದನ್ನು ಎತ್ತಿದ್ದು ಯತಿಗಳ ಪ್ರಾಯಶ್ಚಿತ್ತಶಾಸ್ತ್ರ.

ಮೂಲಾಚಾರ, ಭಗವತೀ ಆರಾಧನಾ ಮೊದಲಾದ ಗ್ರಂಥಗಳು ಆಲೋಚನೆಗೆ, ಅಂದರೆ ಗುರುವಿನ ಮುಂದೆ ದೋಷವನ್ನು ನಿವೇದಿಸುವುದಕ್ಕೆ, ಹತ್ತು ದೋಷಗಳನ್ನು ಹೇಳುತ್ತವೆ. ಅವು ಅಪರಾಧದ ದೋಷಗಳಲ್ಲ, ಒಪ್ಪಿಕೊಳ್ಳುವ ರೀತಿಯ ದೋಷಗಳು. ಪಟ್ಟಿಯ ಮೊದಲನೆಯದೇ ಆಕಂಪಿತ: ಸೇವೆ, ಉಪಕಾರಗಳಿಂದ ಗುರುವಿನ ಮನಸ್ಸನ್ನು ಕರಗಿಸಿ, ಲಘುವಾದ ಪ್ರಾಯಶ್ಚಿತ್ತ ದೊರೆಯಲೆಂದು ಒಪ್ಪಿಕೊಳ್ಳುವುದು. ಎರಡನೆಯದು ಅನುಮಾನಿತ: ತಾನು ದುರ್ಬಲನೆಂದು ಮೊದಲೇ ತೋಡಿಕೊಂಡು, ಗುರು ಕಡಿಮೆ ಕೊಟ್ಟಾನೆಂಬ ಅಂದಾಜು ಸಿಕ್ಕ ಮೇಲೆ ಬಾಯಿ ಬಿಡುವುದು. ಬೇರೆಯವರು ಕಂಡದ್ದನ್ನು ಮಾತ್ರ ಒಪ್ಪುವುದು ದೃಷ್ಟ. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮ. ಇಂಥ ತಪ್ಪು ಮಾಡಿದವನಿಗೆ ಏನು ಶಿಕ್ಷೆ ಎಂದು ಬೇರೆಯವರ ವಿಷಯವೆಂಬಂತೆ ಕೇಳುವುದು ಛನ್ನ. ಗದ್ದಲದ ನಡುವೆ ಗೊಣಗಿ ಮುಗಿಸುವುದು ಶಬ್ದಾಕುಲಿತ. ತನ್ನಂಥದೇ ತಪ್ಪು ಮಾಡಿದ ಗುರುವನ್ನು ಹುಡುಕಿ ಹೋಗುವುದು ತತ್ಸೇವಿ. ನ್ಯಾಯಾಲಯದ ಮೊಗಸಾಲೆಯಲ್ಲಿ ಒಂದು ದಿನ ಕಳೆದವರಿಗೆ ಈ ಪಟ್ಟಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಹಾಗೆಂದು ನಿಷ್ಕಪಟ ಒಪ್ಪಿಗೆಗೆ ಬೆಲೆಯೇ ಇಲ್ಲವೆಂದಲ್ಲ. ಛೇದಸೂತ್ರಗಳಲ್ಲಿ ಒಂದಾದ ವ್ಯವಹಾರಸೂತ್ರ ಆರಂಭವಾಗುವುದೇ ಈ ಲೆಕ್ಕದಿಂದ. ಒಂದು ತಿಂಗಳ ಪ್ರಾಯಶ್ಚಿತ್ತಕ್ಕೆ ತಕ್ಕ ದೋಷವನ್ನು ಕಪಟವಿಲ್ಲದೆ ನಿವೇದಿಸಿದವನಿಗೆ ಒಂದು ತಿಂಗಳು. ಕಪಟದಿಂದ ನಿವೇದಿಸಿದವನಿಗೆ ಎರಡು. ಎರಡರದಕ್ಕೆ ಮೂರು, ಮೂರರದಕ್ಕೆ ನಾಲ್ಕು, ಹೀಗೆ ಐದರದಕ್ಕೆ ಆರು. ಅದರಾಚೆಗೆ ಕಪಟವಿರಲಿ ಇಲ್ಲದಿರಲಿ ಆರೇ ತಿಂಗಳು. ಸೂಕ್ಷ್ಮವನ್ನು ಗಮನಿಸಬೇಕು. ಇಲ್ಲಿ ಪ್ರಾಮಾಣಿಕನಿಗೆ ಕಡಿತವಿಲ್ಲ. ಅವನಿಗೆ ತಪ್ಪಿಗೆ ತಕ್ಕಷ್ಟು. ಕಪಟಿಗೆ ಒಂದು ತಿಂಗಳು ಹೆಚ್ಚು. ಫಲದಲ್ಲಿ ಎರಡೂ ಒಂದೇ ಎನ್ನಿಸಬಹುದು, ತತ್ತ್ವದಲ್ಲಿ ಒಂದಲ್ಲ. ಯಶಸ್ತಿಲಕವನ್ನು 959ರಲ್ಲಿ ಮುಗಿಸಿದ ಸೋಮದೇವಸೂರಿ ತನ್ನ ನೀತಿವಾಕ್ಯಾಮೃತದಲ್ಲಿ ದಂಡವನ್ನು ವೈದ್ಯಶಾಸ್ತ್ರಕ್ಕೆ ಹೋಲಿಸುತ್ತಾನೆ. ದೋಷದ ಶುದ್ಧಿಯೇ ಅದರ ಕೆಲಸ, ದೋಷವಿದ್ದಷ್ಟೇ ಅದರ ಅಳತೆ, ಬೊಕ್ಕಸ ತುಂಬುವುದು ಅದರ ಉದ್ದೇಶವಲ್ಲ. ರೋಗವನ್ನು ಮುಚ್ಚಿಟ್ಟವನಿಗೆ ಚಿಕಿತ್ಸೆ ದೀರ್ಘವಾಗುತ್ತದೆ. ಹೇಳಿಕೊಂಡವನಿಗೆ ಔಷಧದ ಪ್ರಮಾಣವನ್ನು ಯಾವ ವೈದ್ಯನೂ ಬಹುಮಾನವಾಗಿ ತಗ್ಗಿಸುವುದಿಲ್ಲ.

ಆಧುನಿಕ ನ್ಯಾಯಾಲಯಗಳು ಈ ಲೆಕ್ಕವನ್ನು ತಿರುವಿ ಹಾಕಿವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನವಿ ನ್ಯಾಯಾಲಯ 1999ರಲ್ಲಿ ಹೆನ್ರಿ ಪ್ರಕರಣದಲ್ಲಿ ಸಶಸ್ತ್ರ ದರೋಡೆಗೆ ಮಾರ್ಗದರ್ಶಿ ಶಿಕ್ಷೆಯನ್ನು ಗೊತ್ತುಮಾಡಿತು: ಚಾಕುವಿನಂಥ ಆಯುಧ ಹಿಡಿದ, ಹೆಚ್ಚಿನ ಪೂರ್ವಾಪರಾಧವಿಲ್ಲದ, ತಪ್ಪೊಪ್ಪಿಕೊಂಡ ಯುವಕನಿಗೆ ಒಟ್ಟು ನಾಲ್ಕರಿಂದ ಐದು ವರ್ಷ. ಅಲ್ಲಿ ಎಣಿಸಿದ ತಪ್ಪೊಪ್ಪಿಗೆಯೂ ಪುರಾವೆ ಬಲವಾಗಿದ್ದುದರಿಂದ ಬೆಲೆ ತಗ್ಗಿದ ಒಪ್ಪಿಗೆ. ಆಲೋಚನೆಯ ಪಟ್ಟಿಯ ದೃಷ್ಟ ದೋಷ ನೆನಪಾಗುತ್ತದೆ. ಮರುವರ್ಷ ಥಾಮ್ಸನ್ ಮತ್ತು ಹೌಲ್ಟನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಪಶ್ಚಾತ್ತಾಪ ಬೇರೆ, ಉಪಯುಕ್ತತೆ ಬೇರೆ ಎಂದು ವಿಂಗಡಿಸಿ, ವಿಚಾರಣೆಯ ಶ್ರಮ ಉಳಿಸಿದ್ದಕ್ಕೆ ಶೇಕಡಾ 10ರಿಂದ 25ರವರೆಗೆ ಕಡಿತ ಸಲ್ಲಬಹುದೆಂದಿತು. ಎಷ್ಟು ಬೇಗ ಒಪ್ಪಿದ ಎಂಬುದೇ ಮುಖ್ಯ ಅಳತೆ. ಇದು ಪ್ರಾಮಾಣಿಕವಾದ ನಿಲುವು ಎಂದೇ ಹೇಳಬೇಕು. ಪಶ್ಚಾತ್ತಾಪವನ್ನು ಅಳೆಯುವ ನಾಟಕಕ್ಕಿಂತ, ಉಳಿದ ಸಮಯದ ಬೆಲೆಯಿದು ಎಂದು ಹೇಳುವುದು ಲೇಸು. ಸಂತ್ರಸ್ತರು ಕಟಕಟೆಯಲ್ಲಿ ನಿಂತು ಆ ರಾತ್ರಿಯನ್ನು ಮತ್ತೆ ಬದುಕಬೇಕಾಗಿಲ್ಲವೆಂಬುದೂ ಸಣ್ಣ ಲಾಭವಲ್ಲ.

ಭಾರತದ ಸರ್ವೋಚ್ಚ ನ್ಯಾಯಾಲಯ ಬಹುಕಾಲ ಈ ದಾರಿಯನ್ನು ಒಪ್ಪಲಿಲ್ಲ. ಆಹಾರ ಕಲಬೆರಕೆಯ ಮೊಕದ್ದಮೆಗಳಾದ ಮುರಳೀಧರ ಮೇಘರಾಜ ಲೋಯಾ (1976), ಕಾಸಂಭಾಯಿ ಶೇಖ್ (1980) ಪ್ರಕರಣಗಳಲ್ಲಿ ಒಪ್ಪಿಗೆಗೆ ಪ್ರತಿಯಾಗಿ ಶಿಕ್ಷೆ ಇಳಿಸುವ ವ್ಯಾಪಾರವನ್ನು ಅದು ಖಂಡಿಸಿತು. ಎರಡನೆಯ ತೀರ್ಪಿನಲ್ಲಿ ಕಾಣಿಸಿಕೊಂಡ ಒಂದು ಆತಂಕ ಕೌಟಿಲ್ಯನ ಓದುಗರಿಗೆ ಪರಿಚಿತವಾದದ್ದು: ದೀರ್ಘ ವಿಚಾರಣೆಯ ಕಿರುಕುಳಕ್ಕೆ ಹೆದರಿ ನಿರಪರಾಧಿಯೂ ಒಪ್ಪಿಕೊಂಡುಬಿಡಬಹುದು. ಅಣಿಮಾಂಡವ್ಯನನ್ನು ಬಗ್ಗಿಸಿದ್ದು ಹಿಂಸೆಯ ಭಯ. ಇಲ್ಲಿ ಬಗ್ಗಿಸುವುದು ವಾಯಿದೆಗಳು. ಕೊನೆಗೆ 2006ರ ಜುಲೈನಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ ಹೊಸ ಅಧ್ಯಾಯ ಜಾರಿಗೆ ಬಂತು. ಕನಿಷ್ಠ ಶಿಕ್ಷೆ ಗೊತ್ತಾಗಿದ್ದಲ್ಲಿ ಅದರ ಅರ್ಧ, ಇಲ್ಲದಿದ್ದಲ್ಲಿ ಕಾಲು ಭಾಗ ಎಂಬ ದರವೂ ನಿಗದಿಯಾಯಿತು. ಆದರೆ ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಐದು ಅಥವಾ ಹೆಚ್ಚು ಜನ ಸೇರಿ ಮಾಡಿದ ಡಕಾಯಿತಿಗೆ ಭಾರತೀಯ ದಂಡ ಸಂಹಿತೆಯ 395ನೆಯ ಕಲಮಿನಲ್ಲಿ ಜೀವಾವಧಿಯವರೆಗೆ ಶಿಕ್ಷೆಯಿತ್ತು. ಮಾರಕಾಯುಧ ಬಳಸಿದರೆ 397ನೆಯ ಕಲಮು ಏಳು ವರ್ಷಕ್ಕೆ ಕಡಿಮೆಯಾಗದಂತೆ ಕಟ್ಟು ಹಾಕಿತ್ತು. ಅಂದರೆ ಚೌಕಾಸಿಯ ಬಾಗಿಲು ತೆರೆದಾಗಲೂ ಸಾಹಸಿಕ ಹೊರಗೇ ಉಳಿದ, ಮನುವಿನ ಕಾಲದಲ್ಲಿ ಉಳಿದಂತೆ.

ಶಾಸನದಲ್ಲಿ ಇಲ್ಲದ ಈ ದಾರಿಯನ್ನು ಶಾಸನದ ಹೊರಗೆ ಹುಡುಕಿದ ಪ್ರಯೋಗ ಇದಕ್ಕೂ ಬಹಳ ಮೊದಲೇ ಚಂಬಲ್ ಕಣಿವೆಯಲ್ಲಿ ನಡೆದಿತ್ತು. ಮಧ್ಯಪ್ರದೇಶ, ಉತ್ತರಪ್ರದೇಶ, ರಾಜಸ್ಥಾನಗಳು ಕೂಡುವ ಆ ಕೊರಕಲು ನೆಲದಲ್ಲಿ ದರೋಡೆಕೋರರು ತಮ್ಮನ್ನು ಬಾಗಿಗಳೆಂದು, ಬಂಡಾಯಗಾರರೆಂದು ಕರೆದುಕೊಳ್ಳುತ್ತಿದ್ದರು. ಮಾನ್‌ಸಿಂಗನ ಮಗ ತಹಸೀಲ್ದಾರ್ ಸಿಂಗ್ ಗಲ್ಲುಶಿಕ್ಷೆಗೆ ಗುರಿಯಾಗಿ ಸೆರೆಮನೆಯಲ್ಲಿದ್ದ. ಅವನ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 1959ರಲ್ಲಿ ತಳ್ಳಿಹಾಕಿತ್ತು. ಅಲ್ಲಿಂದ ಅವನು ವಿನೋಬಾ ಭಾವೆಯವರಿಗೆ ಕಾಗದ ಬರೆದ. 1960ರ ಮೇ ತಿಂಗಳಲ್ಲಿ ವಿನೋಬಾ ಆ ಕಣಿವೆಯಲ್ಲಿ ಪಾದಯಾತ್ರೆ ಮಾಡಿದರು. ಮೇಜರ್ ಜನರಲ್ ಯದುನಾಥ ಸಿಂಗ್ ಮಧ್ಯವರ್ತಿಯಾಗಿ ದುಡಿದರು. ಲುಕ್ಕಾ ಎಂದು ಹೆಸರಾಗಿದ್ದ ಲೋಕಮನ್ ಸೇರಿ ಇಪ್ಪತ್ತು ಮಂದಿ ಬಂದೂಕುಗಳನ್ನು ತಂದು ಒಪ್ಪಿಸಿದರು. ಆಯುಧವನ್ನು ತಾನೇ ಹೊತ್ತು ಬರುವ ಧರ್ಮಸೂತ್ರಗಳ ಕಳ್ಳನನ್ನು ಈ ದೃಶ್ಯ ನೆನಪಿಸುತ್ತದೆ. ಶಿಕ್ಷೆಯ ಬಗ್ಗೆ ವಿನೋಬಾ ಮಾತು ಕೊಡಲಿಲ್ಲ. ಬಂದವರು ನ್ಯಾಯಾಲಯವನ್ನು ಎದುರಿಸಬೇಕಾಗಿತ್ತು. ಶಂಖನಂತೆ ಅವರೂ ತಾವು ದಂಡಧರರಲ್ಲವೆಂದು ಅರಿತಿದ್ದರು.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಶಂಖ ಸ್ವತಃ ಹಣ್ಣು ಕಳೆದುಕೊಂಡವನು. ವಿನೋಬಾ ಏನನ್ನೂ ಕಳೆದುಕೊಂಡಿರಲಿಲ್ಲ. ಕ್ಷಮೆಯ ಮಾತನ್ನು ಆಡಬೇಕಾದವರು ಮನೆಯವರನ್ನು ಕಳೆದುಕೊಂಡ ಹಳ್ಳಿಯ ಜನ. ಆಗ ಮಧ್ಯಪ್ರದೇಶದ ಪೊಲೀಸು ಮುಖ್ಯಸ್ಥರಾಗಿದ್ದ ಕೆ. ಎಫ್. ರುಸ್ತುಂಜಿ ಈ ಪ್ರಯೋಗವನ್ನು ಟೀಕಿಸಿದರು. ಅವರನ್ನು ಹೃದಯವಿಲ್ಲದ ಅಧಿಕಾರಿಯೆಂದು ತಳ್ಳಿಹಾಕುವಂತಿಲ್ಲ. ವಿಚಾರಣೆಯಿಲ್ಲದೆ ಬಿಹಾರದ ಸೆರೆಮನೆಗಳಲ್ಲಿ ಕೊಳೆಯುತ್ತಿದ್ದ ಕೈದಿಗಳ ಬಗ್ಗೆ ಮುಂದೆ ಅವರು ಪತ್ರಿಕೆಯಲ್ಲಿ ಬರೆದ ಲೇಖನಗಳೇ 1979ರ ಹುಸೈನಾರಾ ಖಾತೂನ್ ಪ್ರಕರಣಕ್ಕೆ ಕಾರಣವಾದವು. ದರೋಡೆಕೋರನನ್ನು ವೀರನನ್ನಾಗಿ ಮೆರೆಸುವುದಕ್ಕೂ ಕೈದಿಯ ಹಕ್ಕನ್ನು ಕಾಯುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿದಿತ್ತು.

ಎರಡನೆಯ ಪ್ರಯೋಗ ಇನ್ನೂ ದೊಡ್ಡದು. ಮಾಧೋಸಿಂಗ್ ಗುತ್ತಿಗೆದಾರನ ವೇಷದಲ್ಲಿ ವಿನೋಬಾರನ್ನು ಕಾಣಲು ಪವನಾರಕ್ಕೆ ಹೋದ. ವಿನೋಬಾ ಅವನನ್ನು ಜಯಪ್ರಕಾಶ ನಾರಾಯಣರ ಕಡೆಗೆ ಕಳಿಸಿದರು. ಜೆಪಿ ಮೊದಲು ಸರ್ಕಾರಗಳೊಡನೆ ಮಾತಾಡಿದರು. ಬಂದವರನ್ನು ಗಲ್ಲಿಗೇರಿಸುವುದಿಲ್ಲವೆಂಬ ಆಶ್ವಾಸನೆಯಿಲ್ಲದೆ ಅವರು ಮುಂದುವರಿಯಲಿಲ್ಲ. 1972ರ ಏಪ್ರಿಲ್ 14ರಂದು ಮೊರೇನಾ ಜಿಲ್ಲೆಯ ಜೌರಾದಲ್ಲಿ, ಗಾಂಧೀಜಿಯ ಭಾವಚಿತ್ರದ ಮುಂದೆ, ಮೋಹರ್ ಸಿಂಗ್, ಮಾಧೋಸಿಂಗ್ ಮತ್ತವರ ಸಂಗಡಿಗರು ಬಂದೂಕುಗಳನ್ನು ಇಳಿಸಿದರು. ಅಲ್ಲಿಯ ಗಾಂಧಿ ಸೇವಾಶ್ರಮವನ್ನು ಕಟ್ಟಿದವರು ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್. ಕಣಿವೆಯ ಹಳ್ಳಿಗಳಲ್ಲಿ ಯುವಶಿಬಿರಗಳನ್ನು ನಡೆಸುತ್ತ ಅವರು ಗಳಿಸಿದ್ದ ವಿಶ್ವಾಸ ಆ ದಿನಕ್ಕೆ ನೆಲ ಹದಮಾಡಿತ್ತು. ಮುಂದಿನ ವಾರಗಳಲ್ಲಿ ಇನ್ನೂ ನೂರಾರು ಮಂದಿ ಶರಣಾದರು.

ಆಮೇಲಿನದು ನ್ಯಾಯಾಧೀಶರ ಪಾಲಿಗೆ ಬಂದದ್ದು. ಅವರ ಮುಂದಿದ್ದ ಸಂಹಿತೆಯಲ್ಲಿ ಶರಣಾಗತನಿಗೆ ಪ್ರತ್ಯೇಕ ಕಲಮಿರಲಿಲ್ಲ. ಡಕಾಯಿತಿಯಲ್ಲಿ ವರ್ಷಗಳನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಎಂಬ ಎರಡೇ ಆಯ್ಕೆ. ಪೂರ್ತಿ ಒಪ್ಪಿಕೊಂಡವನಿಗೂ ಅದಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಹೀಗಾಗಿ ನಿಜವಾದ ರಿಯಾಯಿತಿ ತೀರ್ಪಿನಲ್ಲಿ ಬರಲಿಲ್ಲ. ಶಿಕ್ಷೆಯನ್ನು ಪರಿವರ್ತಿಸುವ, ಅವಧಿಗೆ ಮುಂಚೆ ಬಿಡುವ, ಬಯಲು ಬಂದೀಖಾನೆಯಲ್ಲಿ ಇರಿಸುವ ಸರ್ಕಾರದ ಅಧಿಕಾರದಿಂದ ಬಂತು. ತಹಸೀಲ್ದಾರ್ ಸಿಂಗನ ಗಲ್ಲು ಜೀವಾವಧಿಯಾದದ್ದೂ ಆ ದಾರಿಯಿಂದಲೇ. ಮುಂಗಾವಲಿಯ ಬಯಲು ಬಂದೀಖಾನೆ ಈ ಶರಣಾಗತರಿಗಾಗಿ ತೆರೆಯಿತು. ಮೋಹರ್ ಸಿಂಗ್ ಸುಮಾರು ಎಂಟು ವರ್ಷಗಳ ಬಳಿಕ ಹೊರಬಂದು ಮೇಹಗಾಂವ್ ಪುರಸಭೆಯ ಅಧ್ಯಕ್ಷನಾದ. ಮಾಧೋಸಿಂಗ್ ಊರೂರು ತಿರುಗಿ ಜಾದೂ ಪ್ರದರ್ಶನ ಕೊಟ್ಟ.

ನ್ಯಾಯಾಧೀಶನು ದಂಡಿಸಿದ, ಸರ್ಕಾರ ಬಿಟ್ಟಿತು. ಸುದ್ಯುಮ್ನನ ಎರಡು ಅಧಿಕಾರಗಳು, ದಂಡಿಸುವುದು ಮತ್ತು ಮನ್ನಿಸುವುದು, ಆಧುನಿಕ ರಾಜ್ಯದಲ್ಲಿ ಎರಡು ಕಟ್ಟಡಗಳಿಗೆ ಹಂಚಿಹೋಗಿವೆ. ಇದರಿಂದ ನ್ಯಾಯಾಲಯ ಶುದ್ಧವಾಗಿ ಉಳಿಯಿತೆಂದು ಹೇಳಬಹುದು. ಆದರೆ ಮನ್ನಿಸಿದವನಿಗೆ ದೋಷ ಅಂಟುತ್ತದೆಂಬ ಆಪಸ್ತಂಬನ ಲೆಕ್ಕದಲ್ಲಿ ಆ ದೋಷವನ್ನು ಯಾರ ಹೆಸರಿಗೆ ಬರೆಯುವುದು? ಆಶ್ವಾಸನೆ ಕೊಟ್ಟ ಮುಖ್ಯಮಂತ್ರಿಗೋ, ಕೇಳಿದ ಜೆಪಿಗೋ, ಚಪ್ಪಾಳೆ ತಟ್ಟಿದ ದೇಶಕ್ಕೋ? ಹೊಸ ರಕ್ತಪಾತ ತಪ್ಪಿತೆಂಬ ಉತ್ತರಕ್ಕೆ ತೂಕವಿದೆ. ಆ ಉತ್ತರ ಇನ್ನು ಮುಂದೆ ದರೋಡೆಯಾಗದ ಮನೆಗಳಿಗೆ ಸಲ್ಲುತ್ತದೆ, ಆಗಲೇ ಆದ ಮನೆಗಳಿಗೆ ಸಲ್ಲುವುದಿಲ್ಲ.

ಕಳೆದುಕೊಂಡವನಿಗೆ ರಾಜನೇ ಕೊಡಬೇಕೆಂಬ ಹಳೆಯ ವಿಧಿ ಭಾರತದ ಶಾಸನಕ್ಕೆ ಮರಳಿದ್ದು ಬಹಳ ತಡವಾಗಿ. ಸಂತ್ರಸ್ತರಿಗೆ ಪರಿಹಾರ ನೀಡುವ ಯೋಜನೆಯನ್ನು ಪ್ರತಿಯೊಂದು ರಾಜ್ಯವೂ ರೂಪಿಸಬೇಕೆನ್ನುವ 357ಎ ಕಲಮು ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿ ಜಾರಿಗೆ ಬಂದದ್ದು 2009ರ ಡಿಸೆಂಬರ್ 31ರಂದು. ಅಪರಾಧಿ ಪತ್ತೆಯಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತ ಅರ್ಜಿ ಹಾಕಬಹುದೆಂದು ಅದು ಹೇಳಿತ್ತು. ಸಿಕ್ಕದ ಸೊತ್ತಿಗೆ ಭಂಡಾರದಿಂದ ಕೊಡುವ ಗೌತಮನ ನಿಯಮಕ್ಕೆ ಇದು ತೀರ ಹತ್ತಿರ. ಅಷ್ಟರಲ್ಲಿ ಜೌರಾದ ಆ ದಿನ ಕಳೆದು ಮೂವತ್ತೇಳು ವರ್ಷಗಳಾಗಿದ್ದವು.